ಗ್ರೌಂಡಿನ ಅಣಬಿ ಮತ್ತು 100% ಅಕ್ಯುರಸಿ

ಇದನ್ನ ಬರೀತಿರೋರು ನಾವು ನಾಲ್ಕು ಜನ, ಎಲ್ಲರೂ ಸೆಕೆಂಡ್ ಇಯರ್. ಒಬ್ಬ ಬೈಲಹೊಂಗಲದವ, ಒಬ್ಬ ಕಿತ್ತೂರಿನವ, ಒಬ್ಬ ಸವದತ್ತಿಯವ, ಒಬ್ಬ ರಾಮದುರ್ಗದವ. ಹಾಸ್ಟೆಲ್‌ನಲ್ಲಿ ನಮ್ಮನ್ನ ಹೆಸರು ಹಿಡಿದು ಯಾರೂ ಕರೆಯಲ್ಲ, ಊರಿನ ಹೆಸರಿಂದಲೇ ಕರೀತಾರೆ. ಆದ್ದರಿಂದ ಇಲ್ಲೂ ಹಾಗೇ ಬರೀತೀವಿ. ನಾಲ್ವರದೂ ಇಂಗ್ಲಿಷ್ ಮೀಡಿಯಂ. ಅಣಬೆ ಅಂದ್ರೆ ನಮಗೆ ಬಹಳ ದಿನ ಪಿಜ್ಜಾ ಮೇಲಿನ ಮಶ್ರೂಮ್ ಮಾತ್ರ ಆಗಿತ್ತು. ಕಾಗುಣಿತ ತಪ್ಪಿದ್ರೆ ಕ್ಷಮಿಸಿ, ವಿಷಯ ಮಾತ್ರ ಚೆಕ್ ಮಾಡಿಯೇ ಬರೆದಿದ್ದೀವಿ.

ಹೋದ ವರ್ಷದ ಮಳೆಗಾಲದಲ್ಲಿ ನಮ್ಮಲ್ಲಿ ಮೂವರು ಗ್ರೌಂಡಿನ ಅಣಬಿ ತಿಂದು ಆಸ್ಪತ್ರೆ ಸೇರಿದ್ವಿ. ಅದು ಕ್ಯಾಂಪಸ್‌ನಲ್ಲಿ ಜೋಕ್ ಆಗಿ ಓಡಾಡ್ತಿದೆ. ಜೋಕ್ ಆಗಿದ್ದಕ್ಕೆ ಬೇಜಾರಿಲ್ಲ. ಆದರೆ ಈ ವರ್ಷ ಮಿರಗ ಮಳೆ ಆದ ಮೇಲೆ ಅದೇ ಜಾಗದಲ್ಲಿ ಮತ್ತೆ ಅಣಬೆ ಎದ್ದಿವೆ, ಫಸ್ಟ್ ಇಯರ್ ಹುಡುಗರು ಫೋಟೋ ತೆಗೆದು ಗ್ರೂಪ್‌ಗೆ ಹಾಕ್ತಿದ್ದಾರೆ. ಅದಕ್ಕೇ ಸಂಪಾದಕರ ಹತ್ತಿರ ಹೋಗಿ ಜಾಗ ಕೇಳಿದ್ವಿ.

ಶುರುವಾಗಿದ್ದು ಕಿತ್ತೂರಿನಿಂದ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮಳೆ ಒಂದೇ ಥರ ಇಲ್ಲ. ಕಿತ್ತೂರಿನ ಪಶ್ಚಿಮಕ್ಕೆ ಹೋದ ಹಾಗೆ ಖಾನಾಪುರದ ಕಾಡಿನ ಗಾಳಿ ಸಿಗುತ್ತೆ, ಕೆಂಪು ಮಣ್ಣು, ಗಿಡ ಮರ ಜಾಸ್ತಿ. ಬೈಲಹೊಂಗಲ, ಸವದತ್ತಿ ಕಡೆ ಎರೆ ಹೊಲ, ಹತ್ತಿ, ಕಬ್ಬು, ಜೋಳ. ರಾಮದುರ್ಗದಲ್ಲಿ ಕಲ್ಲುಗುಡ್ಡ, ಬಿಸಿಲು. ಹಾಗಾಗಿ ಅಣಬಿ ಊಟದ ಕಥೆ ನಮ್ಮಲ್ಲಿ ಕಿತ್ತೂರಿನವನಿಗೇ ಜಾಸ್ತಿ ಗೊತ್ತು. ಅವನ ಆಯಿ ಆರಿದ್ರಾ ಮಳೆ ಹೊತ್ತಿಗೆ ಹೊಲದ ಬದುವಿನ ಹುತ್ತದ ಹತ್ತಿರ ಹೋಗಿ ಅಣಬಿ ತರ್ತಾರೆ. ಆ ಸಲ ನಾವೂ ಅವರ ಮನೆಗೆ ಹೋಗಿದ್ವಿ. ಆಯಿ ಮುಂದೆ, ನಾವು ಹಿಂದೆ. ದಾರಿಯಲ್ಲಿ ಏಳೆಂಟು ಥರದ ಅಣಬೆ ಕಂಡವು. ಆಯಿ ಒಂದನ್ನೂ ಮುಟ್ಟಲಿಲ್ಲ. ಸವದತ್ತಿಯವ ಒಂದು ಚೆಂದದ್ದನ್ನ ತೋರಿಸಿ, "ಆಯಿ, ಇದ ತಿನ್ನಾಕ ಬರ್ತೈತೇನ್ರಿ?" ಅಂದ. "ಗೊತ್ತಿಲ್ಲಪಾ" ಅಂದ್ರು. ಇನ್ನೊಂದಕ್ಕೂ "ಗೊತ್ತಿಲ್ಲಪಾ". ಮೂರನೇದಕ್ಕೂ ಅದೇ. ಕೊನೆಗೆ ಹುತ್ತ ಬಂತು, ಅಲ್ಲಿ ಎದ್ದಿದ್ದನ್ನ ಬುಡದ ತನಕ ಮಣ್ಣು ಕೆದರಿ, ಉದ್ದ ಬೇರಿನಂಥ ಬುಡ ನೋಡಿ, ಆಮೇಲೆ ಬುಟ್ಟಿಗೆ ಹಾಕಿದ್ರು. ಅವತ್ತು ರೊಟ್ಟಿ ಜೊತೆ ಅಣಬಿ ಪಲ್ಯ ತಿಂದದ್ದು ಇನ್ನೂ ನಾಲಿಗೆ ಮೇಲಿದೆ.

ಅವತ್ತು ನಮಗೆ ಅನಿಸಿದ್ದು, "ಪಾಪ ಆಯಿಗೆ ಒಂದೇ ಥರದ ಅಣಬಿ ಗೊತ್ತು, ಉಳಿದದ್ದು ವೇಸ್ಟ್ ಆಗ್ತಿದೆ" ಅಂತ. ಎಷ್ಟು ಬುದ್ಧಿವಂತರು ನೋಡಿ ನಾವು.

ಮುಂದಿನ ಶನಿವಾರ ಹಾಸ್ಟೆಲ್ ಹಿಂದಿನ ಗ್ರೌಂಡಿನಲ್ಲಿ, ಹುಲ್ಲಿನ ಮೇಲೆ, ಬಿಳಿ ಛತ್ರಿಗಳು ಅರ್ಧ ವೃತ್ತ ಬಿಡಿಸಿದ ಹಾಗೆ ನಿಂತಿದ್ದವು. ದೊಡ್ಡವು, ಅಂಗೈಗಿಂತ ಅಗಲ. ನೋಡೋಕೆ ಆಯಿ ತಂದಿದ್ದರ ಹಾಗೇ ಇದ್ದವು, ಅಥವಾ ಹಾಗೇ ಇವೆ ಅಂತ ನಾವು ಅಂದುಕೊಂಡ್ವಿ. ಬೈಲಹೊಂಗಲ ಫೋನ್ ತೆಗೆದು ಒಂದು ಆ್ಯಪ್‌ನಲ್ಲಿ ಫೋಟೋ ಹೊಡೆದ. ಆ್ಯಪ್ ಒಂದು ತಿನ್ನೋ ಅಣಬೆಯ ಹೆಸರು ಹೇಳಿ, ಪಕ್ಕದಲ್ಲಿ 87% ಅಂತ ತೋರಿಸ್ತು. ಇಂಟರ್ನಲ್ಸ್‌ನಲ್ಲಿ ನಮಗ್ಯಾರಿಗೂ 87 ಬಂದಿಲ್ಲ, ಹಾಗಾಗಿ ನಂಬಿದ್ವಿ. ಮೊಟ್ಟೆ, ಈರುಳ್ಳಿ, ಮ್ಯಾಗಿ ಮಸಾಲೆ ಹಾಕಿ ಹುರಿದ್ವಿ. ಯಾವುದರ ಮೇಲೆ ಹುರಿದ್ವಿ ಅನ್ನೋದು ವಾರ್ಡನ್ ಸರ್ ಓದುವ ಪತ್ರಿಕೆಯಲ್ಲಿ ಬರೆಯೋಕೆ ಆಗಲ್ಲ. ರಾಮದುರ್ಗದವ ಶನಿವಾರ ಹನುಮಪ್ಪನ ವಾರ ಮಾಡ್ತಾನೆ, ಮೊಟ್ಟೆ ಬಿದ್ದಿದ್ದನ್ನ ಮುಟ್ಟಲ್ಲ. ಅವನೊಬ್ಬ ತಿನ್ನಲಿಲ್ಲ. ತಿಂದಾಗ ರಾತ್ರಿ ಎಂಟೂವರೆ. ಹತ್ತೂ ಕಾಲಿಗೆ ಮೊದಲ ವಾಂತಿ. ಹತ್ತೂವರೆಗೆ ಮೂವರೂ ಬಾತ್‌ರೂಮಿನಲ್ಲಿ.

ಈಗ ನಾವು ಒಂದು ತಪ್ಪು ಒಪ್ಪಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಡಾಕ್ಟರ್ "ಏನು ತಿಂದ್ರಿ?" ಅಂತ ಕೇಳಿದಾಗ ಹಾಸ್ಟೆಲ್‌ನಲ್ಲಿ ಸಿಕ್ಕಿಬೀಳ್ತೀವಿ ಅನ್ನೋ ಹೆದರಿಕೆಗೆ "ಮೆಸ್ ಊಟ ಸರ್" ಅಂದ್ವಿ. ಮೂವರೂ ಅಂದ್ವಿ. ಸುಮಾರು ಇಪ್ಪತ್ತು ನಿಮಿಷ ಆ ಸುಳ್ಳಿನ ಮೇಲೇ ಟ್ರೀಟ್‌ಮೆಂಟ್ ನಡೀತು. ವಾಂತಿ ನಿಲ್ಲೋ ಇಂಜೆಕ್ಷನ್ ಕೊಟ್ಟು, ಓಆರ್‌ಎಸ್ ಬರೆದು, ಇನ್ನೇನು ವಾಪಸ್ ಕಳಿಸೋರಿದ್ರು. ಹೊರಗೆ ಕೂತಿದ್ದ ರಾಮದುರ್ಗದವ ಒಳಗೆ ಬಂದು, "ಸರ್, ಇವರು ಸುಳ್ಳು ಹೇಳಾಕತ್ತಾರ್ರಿ. ಅಣಬಿ ತಿಂದಾರ" ಅಂದ. ಡಾಕ್ಟರ್ ಮುಖ ಬದಲಾಯ್ತು. ಬೈಯ್ಯಲಿಲ್ಲ. ಮೂರು ಪ್ರಶ್ನೆ ಕೇಳಿದ್ರು. "ಎಷ್ಟ ಗಂಟೆಕ್ಕ ತಿಂದ್ರಿ? ವಾಂತಿ ಎಷ್ಟಕ್ಕ ಶುರು ಆತು? ತಿಂದದ್ದು ಏನರೆ ಉಳದೈತೇನು?" ಮೊದಲ ಎರಡಕ್ಕೆ ಉತ್ತರ ಇತ್ತು. ಮೂರನೇದಕ್ಕೆ ಇರಲಿಲ್ಲ. ವಾಸನೆ ಬರಬಾರದು ಅಂತ ಪಾತ್ರೆ ತೊಳೆದು, ಬುಡ ಬೇರು ಸಮೇತ ಎಲ್ಲ ಕಸಕ್ಕೆ ಹಾಕಿ ಬಂದಿದ್ವಿ.

ಮೆಸ್‌ನ ಅಣ್ಣಾ, ನಿಮ್ಮ ಸಾರಿನ ಮೇಲೆ ಹಾಕಿದ ಆ ಸುಳ್ಳಿಗೆ ಇಲ್ಲಿ ಎಲ್ಲರ ಮುಂದೆ ಸಾರಿ.

ಆ ಮೂರು ಪ್ರಶ್ನೆ ಯಾಕೆ?

ಅವತ್ತು ರಾತ್ರಿ ನಮಗೆ ಅರ್ಥ ಆಗಿರಲಿಲ್ಲ. ಆಮೇಲೆ ಓದಿ ತಿಳಿಕೊಂಡ್ವಿ. ಅಣಬೆ ವಿಷದಲ್ಲಿ ಗಡಿಯಾರವೇ ಮೊದಲ ಟೆಸ್ಟ್ ರಿಪೋರ್ಟ್. ಆದರೆ ಅದು ನಾವು ಅಂದುಕೊಳ್ಳೋದಕ್ಕೆ ಉಲ್ಟಾ ಕೆಲಸ ಮಾಡುತ್ತೆ. ತಿಂದ ಒಂದರಿಂದ ಮೂರು ತಾಸಿನೊಳಗೆ ವಾಂತಿ ಭೇದಿ ಶುರುವಾದ್ರೆ ಸಾಮಾನ್ಯವಾಗಿ ಅದು ಹೊಟ್ಟೆ ಕೆಡಿಸೋ ಜಾತಿ. ಹೈರಾಣ ಮಾಡುತ್ತೆ, ಮೈಯಲ್ಲಿ ನೀರು ಖಾಲಿ ಮಾಡುತ್ತೆ, ಆದರೆ ಸಮಯಕ್ಕೆ ಸಲೈನ್ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ತಾರೆ. ತಿಂದು ಆರು ತಾಸು ದಾಟಿದ ಮೇಲೆ, ಕೆಲವು ಸಲ ಹನ್ನೆರಡು, ಇಪ್ಪತ್ನಾಲ್ಕು ತಾಸಿಗೆ ಶುರುವಾದ್ರೆ ಅದು ಅಪಾಯದ ಗಂಟೆ. "ರಾತ್ರಿ ತಿಂದ್ವಿ, ಮಲಗಿ ಎದ್ವಿ, ಏನೂ ಆಗಿಲ್ಲ, ಪಾಸ್" ಅಂತ ನಾವು ಹೇಳೋ ಹೊತ್ತಿಗೇ ಅದು ಒಳಗೆ ಕೆಲಸ ಶುರು ಮಾಡಿರುತ್ತೆ.

ಆ ತಡವಾಗಿ ಬರೋ ವಿಷದ ಹೆಸರು ಅಮಾಟಾಕ್ಸಿನ್. ಅಮನಿಟಾ ಕುಲದ ಕೆಲವು ಅಣಬೆಗಳಲ್ಲಿ, ಸಣ್ಣ ಲೆಪಿಯೋಟಾಗಳಲ್ಲಿ, ಗ್ಯಾಲೆರಿನಾ ಅನ್ನೋ ಕಂದು ಪುಟಾಣಿಗಳಲ್ಲಿ ಇರುತ್ತೆ. ನಮ್ಮ ಜೀವಕೋಶ ಪ್ರೋಟೀನ್ ತಯಾರಿಸಬೇಕಾದ್ರೆ ಮೊದಲು ಡಿಎನ್‌ಎ ನೋಡಿ ಆರ್‌ಎನ್‌ಎ ಪ್ರತಿ ಮಾಡಿಕೊಳ್ಳಬೇಕಲ್ಲ, ಆ ಪ್ರತಿ ಮಾಡೋ ಯಂತ್ರ ಆರ್‌ಎನ್‌ಎ ಪಾಲಿಮರೇಸ್ 2. ಅಮಾಟಾಕ್ಸಿನ್ ಹೋಗಿ ಆ ಯಂತ್ರವನ್ನೇ ಹಿಡಿದು ನಿಲ್ಲಿಸುತ್ತೆ. ಆಫೀಸಿನ ಪ್ರಿಂಟರ್ ಕೆಟ್ಟರೂ ಮೊದಲೇ ಪ್ರಿಂಟ್ ಆಗಿದ್ದ ಕಾಗದ ಮುಗಿಯೋವರೆಗೆ ಕೆಲಸ ನಡೆದ ಹಾಗೆ ಕಾಣುತ್ತಲ್ಲ, ಹಾಗೆ ಇದು. ಹೆಚ್ಚು ಏಟು ಬೀಳೋದು ಲಿವರ್‌ಗೆ. ಲಿವರ್ ಅದನ್ನ ಪಿತ್ತದ ಜೊತೆ ಕರುಳಿಗೆ ಬಿಡುತ್ತೆ, ಕರುಳು ಮತ್ತೆ ಹೀರಿ ಲಿವರ್‌ಗೇ ಕಳಿಸುತ್ತೆ. ಬ್ರೇಕ್ ಇಲ್ಲದ ಲೂಪ್. ಬೇಗ ಆಸ್ಪತ್ರೆಗೆ ಹೋದ್ರೆ ಕೊಡೋ ಕಪ್ಪು ಇದ್ದಿಲಿನ ಪುಡಿ, ಅಂದ್ರೆ ಆಕ್ಟಿವೇಟೆಡ್ ಚಾರ್ಕೋಲ್, ಕರುಳಿನಲ್ಲೇ ವಿಷವನ್ನ ಅಂಟಿಸಿಕೊಂಡು ಈ ಲೂಪನ್ನ ಕತ್ತರಿಸೋಕೆ.

ಲೆಕ್ಕ ನೋಡಿ. ಕೊಲ್ಲೋ ಪ್ರಮಾಣ ಸುಮಾರು ಕಿಲೋ ತೂಕಕ್ಕೆ 0.1 ಮಿಲಿಗ್ರಾಂ ಅಂತ ವಿಷಶಾಸ್ತ್ರದ ಪುಸ್ತಕಗಳು ಹೇಳ್ತವೆ. ನಮ್ಮ ಹಾಗೆ 60 ಕೆಜಿ ಹುಡುಗನಿಗೆ 6 ಮಿಲಿಗ್ರಾಂ. ಒಂದು ಡೋಲೋ 650 ಮಾತ್ರೆಯ ನೂರರಲ್ಲಿ ಒಂದು ಪಾಲು. ಅಷ್ಟು ವಿಷ ಒಂದೇ ಅಣಬೆಯಲ್ಲಿ ಇರಬಹುದು. ಕುದಿಸಿದ್ರೂ ಹೋಗಲ್ಲ, ಒಣಗಿಸಿದ್ರೂ ಹೋಗಲ್ಲ, ಫ್ರಿಜ್‌ನಲ್ಲಿಟ್ರೂ ಹೋಗಲ್ಲ. ಪ್ರೆಷರ್ ಕುಕರ್ ಒಳಗೆ ಸುಮಾರು 120 ಡಿಗ್ರಿ, ಅದಕ್ಕೂ ಬಗ್ಗಲ್ಲ. ರುಚಿ ಕಹಿಯೂ ಇರಲ್ಲ, ತಿಂದು ಬದುಕಿದವರು ಚೆನ್ನಾಗಿತ್ತು ಅಂತಲೇ ಹೇಳಿದ್ದಾರೆ.

ಇನ್ನೊಂದು ಮೋಸ ಇದೆ. ಅಮಾಟಾಕ್ಸಿನ್ ಹೊಕ್ಕವರಿಗೆ ಮೊದಲ ದಿನ ಕಾಲರಾ ಥರ ಭೇದಿ ಆಗಿ, ಎರಡನೇ ದಿನ ಒಮ್ಮೆಲೇ ಆರಾಮ ಅನಿಸುತ್ತೆ. ಹೊಟ್ಟೆ ನೋವು ಕಡಿಮೆ, ಚಹಾ ಕುಡೀತಾರೆ, ಮನೆಗೆ ಹೋಗ್ತೀವಿ ಅಂತಾರೆ. ಆ ಹೊತ್ತಿನಲ್ಲಿ ರಕ್ತ ಪರೀಕ್ಷೆ ಮಾಡಿದ್ರೆ ಲಿವರ್ ಕಿಣ್ವಗಳು ಏರ್ತಿರ್ತವೆ. ಮೂರನೇ, ನಾಲ್ಕನೇ ದಿನಕ್ಕೆ ಕಣ್ಣು ಹಳದಿ, ಲಿವರ್ ಫೇಲ್. ಕೆಲವರಿಗೆ ಲಿವರ್ ಕಸಿ ಒಂದೇ ದಾರಿ ಉಳಿಯುತ್ತೆ. ರಾಮದುರ್ಗದ ಒಳಗಿನ ಹಳ್ಳಿಯಿಂದ ದೊಡ್ಡ ಆಸ್ಪತ್ರೆಗೆ ಹೊರಡೋದು ಅಂದ್ರೆ ಎಷ್ಟು ತಾಸು ಅಂತ ನಮ್ಮ ಕಡೆಯವರಿಗೆ ಹೇಳೋದು ಬೇಡ. "ನಿನ್ನೆಗಿಂತ ಇವತ್ತು ಆರಾಮ ಐತಿ" ಅನ್ನೋ ಮಾತಿಗೆ ಆ ಪ್ರಯಾಣ ಒಂದು ದಿನ ಮುಂದೆ ಹೋದ್ರೆ ಏನಾಗುತ್ತೆ ಅನ್ನೋದು ಪ್ರಶ್ನೆ.

ಇದೆಲ್ಲ ಹೊರದೇಶದ ಕಥೆ ಅನ್ಕೋಬೇಡಿ. 2022ರ ನವೆಂಬರ್‌ನಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ಪುದುವೆಟ್ಟಿನಲ್ಲಿ ಕಾಡಿನ ಅಣಬೆ ಬೇಯಿಸಿ ತಿಂದ ತಂದೆ, ಮಗ ಇಬ್ಬರೂ ತೀರಿಕೊಂಡ್ರು. ಅಣಬೆ ಅಂದ್ರೆ ಪ್ರಾಣ ಬಿಡೋ ಸೀಮೆ ಅದು, ಮಳೆಗಾಲ ಬಂದ್ರೆ ಮನೆಮನೆಯಲ್ಲೂ ತಿಂತಾರೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅಸ್ಸಾಮಿನ ಚರಾಯ್‌ದೇವ್, ದಿಬ್ರುಗಢ, ಶಿವಸಾಗರ, ತಿನ್‌ಸುಕಿಯಾ ಜಿಲ್ಲೆಗಳಲ್ಲಿ ಕೆಲವೇ ದಿನಗಳೊಳಗೆ 13 ಜನ ಸತ್ತರು, ಹೆಚ್ಚಿನವರು ಚಹಾ ತೋಟದ ಕೂಲಿ ಕುಟುಂಬದವರು. ಅಲ್ಲಿ 2008ರಲ್ಲೂ ಹೀಗೇ ಆಗಿತ್ತು. ಇವರು ಯಾರೂ ನಮ್ಮ ಹಾಗೆ ಮಜಾಕ್ಕೆ ಹೋಗಿ ಕಿತ್ತವರಲ್ಲ, ವರ್ಷ ವರ್ಷ ಅಣಬೆ ನೋಡಿ ಬೆಳೆದ ಊರಿನವರು.

ನಮ್ಮ ಕೇಸ್‌ಗೆ ಬರೋಣ. ಎರಡು ತಾಸಿನೊಳಗೆ ವಾಂತಿ ಶುರುವಾಗಿದ್ದು ಒಳ್ಳೆ ಲಕ್ಷಣ ಅಂದ್ರು ಡಾಕ್ಟರ್. ಆದರೂ ಬಿಡಲಿಲ್ಲ. ಒಂದೇ ಬುಟ್ಟಿಯಲ್ಲಿ ಎರಡು ಜಾತಿ ಸೇರಿರಬಹುದು, ಬೇಗ ವಾಂತಿ ಮಾಡಿಸೋದು ಒಂದು, ತಡವಾಗಿ ಲಿವರ್ ಹಿಡಿಯೋದು ಇನ್ನೊಂದು. ಸ್ಯಾಂಪಲ್ ಇಲ್ಲ, ನೋಡಿ ಹೇಳೋಕೆ ದಾರಿ ಇಲ್ಲ. ಹಾಗಾಗಿ ಎರಡು ದಿನ ಇಟ್ಟುಕೊಂಡು ಲಿವರ್ ಟೆಸ್ಟ್ ಮತ್ತೆ ಮತ್ತೆ ಮಾಡಿದ್ರು. ಆ ಎರಡು ದಿನ ನಾವು ಮೂವರೂ ಕನ್ನಡಿಯಲ್ಲಿ ಕಣ್ಣು ಹಳದಿ ಆಯ್ತಾ ಅಂತ ನೋಡ್ಕೋತಾ ಕೂತಿದ್ವಿ. ಬೈಲಹೊಂಗಲದವನ ಅವ್ವ ಬಂದು ಏನೂ ಮಾತಾಡದೆ ಮಂಚದ ಪಕ್ಕ ಕೂತಿದ್ದು ನೆನೆದ್ರೆ ಈಗಲೂ ಅವನು ಮಾತು ಬದಲಿಸ್ತಾನೆ. ರಿಪೋರ್ಟ್ ನಾರ್ಮಲ್ ಬಂದವು.

ಬಿಳಿ ಹಾಳೆಯ ಮೇಲೆ ಹಸಿರು

ವಾಪಸ್ ಬಂದ ಮೇಲೆ ಗ್ರೌಂಡಿಗೆ ಹೋಗಿ ಅದೇ ಜಾಗದಲ್ಲಿ ಉಳಿದಿದ್ದ ಒಂದನ್ನ ತಂದ್ವಿ, ಈ ಸಲ ಹೊಟ್ಟೆಗಲ್ಲ. ಸ್ಪೋರ್ ಪ್ರಿಂಟ್ ಅಂತ ಒಂದು ಪರೀಕ್ಷೆ ಇದೆ, ಲ್ಯಾಬ್ ಬೇಡ, ಕಾಸೂ ಬೇಡ. ಅಣಬೆಯ ಛತ್ರಿಯ ಕೆಳಗೆ ಪುಸ್ತಕದ ಹಾಳೆಯ ಹಾಗೆ ಪದರುಗಳಿರ್ತವೆ, ಬೀಜಕಗಳು ಅಲ್ಲಿಂದ ಉದುರ್ತವೆ. ಕಾಂಡ ಕತ್ತರಿಸಿ, ಛತ್ರಿಯನ್ನ ಪದರು ಕೆಳಗೆ ಬರೋ ಹಾಗೆ ಹಾಳೆ ಮೇಲಿಟ್ಟು, ಮೇಲೆ ಬಟ್ಟಲು ಬೋರಲು ಹಾಕಿ ರಾತ್ರಿ ಬಿಡಬೇಕು. ಅರ್ಧ ಬಿಳಿ, ಅರ್ಧ ಕಪ್ಪು ಹಾಳೆ ಇದ್ರೆ ಒಳ್ಳೇದು, ಯಾಕಂದ್ರೆ ಬಿಳಿ ಬೀಜಕ ಬಿಳಿ ಹಾಳೆ ಮೇಲೆ ಕಾಣಲ್ಲ. ಬೆಳಿಗ್ಗೆ ಬಟ್ಟಲು ಎತ್ತಿದ್ವಿ. ಹಾಳೆ ಮೇಲೆ ಮಂಕು ಹಸಿರು ಪುಡಿ, ಸೂರ್ಯನ ಕಿರಣದ ಹಾಗೆ ಗೆರೆಗೆರೆ.

ಹಸಿರು ಬೀಜಕ ಬಿಡೋ ದೊಡ್ಡ ಅಣಬೆ ಅಪರೂಪ, ಅದಕ್ಕೇ ಇದು ಬೇಗ ಸಿಕ್ಕಿಬೀಳುತ್ತೆ. ಹೆಸರು ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್. ಬಿಸಿ ದೇಶಗಳ ಹುಲ್ಲುಹಾಸು, ಪಾರ್ಕು, ಆಟದ ಮೈದಾನಗಳಲ್ಲಿ ಮಳೆ ಆದ ಮೇಲೆ ಏಳುತ್ತೆ, ಕೆಲವು ಸಲ ವೃತ್ತ ಕಟ್ಟಿ. ಎಳೆಯದಾಗಿದ್ದಾಗ ಪದರು ಅಪ್ಪಟ ಬಿಳಿ, ಬಲಿತ ಮೇಲೇ ಹಸಿರು. ನಾವು ಕಿತ್ತದ್ದು ಎಳೆಯದ್ದು, ಮೃದು ಇರುತ್ತೆ ಅಂತ ಆರಿಸಿ ಆರಿಸಿ ಕಿತ್ತಿದ್ವಿ. ಕಾಂಡದ ಮೇಲೆ ಉಂಗುರ ಇತ್ತು, ಬುಡ ಹುಲ್ಲಿನಲ್ಲೇ ಮುಗಿದಿತ್ತು. ಆಯಿ ತಂದ ಹುತ್ತದ ಅಣಬಿಗೆ ಛತ್ರಿ ನಡುವೆ ಮೊನೆ ಇತ್ತು, ಬುಡ ಮಣ್ಣಿನೊಳಗೆ ಮೊಳ ಉದ್ದ ಇಳಿದಿತ್ತು. ಅದು ಟರ್ಮಿಟೋಮೈಸಿಸ್ ಕುಲ. ಗೆದ್ದಲು ಹುತ್ತದೊಳಗೆ ಅಣಬೆಯ ತೋಟ ಸಾಕುತ್ತೆ, ಅದರಿಂದಲೇ ಹೊಟ್ಟೆ ಹೊರೆಯುತ್ತೆ, ಮಳೆಗೆ ಆ ತೋಟದಿಂದ ಅಣಬೆ ಮೇಲೆ ಬರುತ್ತೆ. ಆ ಉದ್ದ ಬುಡ ಹುತ್ತದ ತೋಟಕ್ಕೆ ಇರೋ ಕೊಂಡಿ. ಗೆದ್ದಲು ಇಲ್ಲದೆ ಇದನ್ನ ಬೆಳೆದು ಮಾರೋಕೆ ಇಷ್ಟು ದಿನ ಯಾರಿಗೂ ಸರಿಯಾಗಿ ಆಗಿಲ್ಲ. ಇದರ ಬೀಜಕ ತಿಳಿ ಗುಲಾಬಿ. ಆಯಿ ಬೀಜಕ ನೋಡಲ್ಲ, ಮಣ್ಣು ಕೆದರಿ ಕೊಂಡಿ ನೋಡ್ತಾರೆ.

ಆದರೆ ಪ್ರಿಂಟ್ ಹಸಿರು ಬರದಿದ್ರೆ ತಿನ್ನಬಹುದು ಅಂತ ಮಾತ್ರ ಓದ್ಕೋಬೇಡಿ. ಅಮನಿಟಾ ಪ್ರಿಂಟ್ ಬಿಳಿ. ಪ್ರಿಂಟ್ "ಬೇಡ" ಅಂತ ಹೇಳಬಲ್ಲದು, "ತಿನ್ನು" ಅಂತ ಹೇಳಲಾರದು.

ನಮ್ಮ ಎಂಎಲ್ ಲ್ಯಾಬಿನ 100%

ಈ ಭಾಗ ಸಿಎಸ್, ಐಎಸ್, ಎಐ ಬ್ರಾಂಚಿನವರಿಗೆ. ಮಷಿನ್ ಲರ್ನಿಂಗ್ ಕಲಿಯೋ ಎಲ್ಲರೂ ಒಮ್ಮೆಯಾದರೂ ಯುಸಿಐ ಮಶ್ರೂಮ್ ಡೇಟಾಸೆಟ್ ತೆರೆದಿರ್ತಾರೆ. 8124 ಸಾಲು, 22 ಲಕ್ಷಣ, 4208 ತಿನ್ನಬಹುದಾದವು, 3916 ವಿಷದವು. ಒಂದು ಡಿಸಿಷನ್ ಟ್ರೀ ಓಡಿಸಿದ್ರೆ 100% ಅಕ್ಯುರಸಿ ಬರುತ್ತೆ, ಸ್ಕ್ರೀನ್‌ಶಾಟ್ ಹೊಡೆದು ರೆಕಾರ್ಡ್‌ಗೆ ಅಂಟಿಸ್ತೀವಿ. ನಾವೂ ಅಂಟಿಸಿದ್ದೀವಿ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಅದರ ವಿವರಣೆಯ ಫೈಲ್ ಓದಿದ್ವಿ, ಅದುವರೆಗೆ ಸಿಎಸ್‌ವಿ ಮಾತ್ರ ಡೌನ್‌ಲೋಡ್ ಮಾಡಿದ್ದು.

ಅದರಲ್ಲಿ ಇರೋದು ನಿಜವಾಗಿ ಕಿತ್ತು ತಂದ 8124 ಅಣಬೆಗಳಲ್ಲ. 1981ರಲ್ಲಿ ಬಂದ ಉತ್ತರ ಅಮೆರಿಕದ ಒಂದು ಕೈಪಿಡಿಯಲ್ಲಿನ 23 ಜಾತಿಗಳ ವಿವರ ಇಟ್ಟುಕೊಂಡು ಕಲ್ಪಿಸಿದ ಸಾಲುಗಳು. 1987ರಲ್ಲಿ ಸಾರ್ವಜನಿಕರಿಗೆ ಕೊಟ್ಟಿದ್ದು. ಆ 23 ಜಾತಿ ಅಗಾರಿಕಸ್ ಮತ್ತು ಲೆಪಿಯೋಟಾ ಕುಟುಂಬದವು, ಅಂದ್ರೆ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನ ಕೊಂದ ಅಮನಿಟಾ ಅದರಲ್ಲಿ ಇಲ್ಲವೇ ಇಲ್ಲ. ಮಲಪ್ರಭಾ ದಂಡೆಯ ಅಣಬೆಯಂತೂ ಕೇಳೋದೇ ಬೇಡ. ತಿನ್ನಬಹುದು ಅಂತ ಹೇಳೋಕೆ ಸರಳ ನಿಯಮ ಯಾವುದೂ ಇಲ್ಲ ಅಂತ ಆ ಫೈಲೇ ಹೇಳುತ್ತೆ. ಜೊತೆಗೆ ವಾಸನೆ ಒಂದರಿಂದಲೇ 98.52% ಸರಿ ಉತ್ತರ ಬರುತ್ತೆ ಅಂತಲೂ ಇದೆ. ಪ್ರಾಜೆಕ್ಟ್ ವೈವಾದಲ್ಲಿ 98.52 ಅಂದ್ರೆ ಚಪ್ಪಾಳೆ. ಉಳಿದದ್ದು 120 ಸಾಲು. ಆ 120 ಸಾಲೂ ವಿಷದ ಅಣಬೆಗಳೇ, ನಿಯಮ ಅವನ್ನ ತಿನ್ನೋ ಲೆಕ್ಕಕ್ಕೆ ಸೇರಿಸಿರುತ್ತೆ. ಬೀಜಕ ಹಸಿರೇ ಅಂತ ಇನ್ನೊಂದು ನಿಯಮ ಸೇರಿಸಿದ್ರೆ ಅದರಲ್ಲಿ 72 ಸಿಕ್ಕಿಬೀಳ್ತವೆ. ಆ 72ರ ಜೊತೆ ನಮ್ಮದು ಖಾಸಾ ಪರಿಚಯ.

ಫಾಲ್ಸ್ ಪಾಸಿಟಿವ್, ಫಾಲ್ಸ್ ನೆಗೆಟಿವ್ ಅಂತ ಬಾಯಿಪಾಠ ಮಾಡ್ತೀವಲ್ಲ, ಇಲ್ಲಿ ಅದರ ಬೆಲೆ ನೋಡಿ. ಒಳ್ಳೆ ಅಣಬೆಯನ್ನ ವಿಷ ಅಂದ್ರೆ ಒಂದು ಪಲ್ಯ ಹೋಯ್ತು. ವಿಷದ್ದನ್ನ ಒಳ್ಳೇದು ಅಂದ್ರೆ ಒಂದು ಮನೆ ಹೋಯ್ತು. ಎರಡು ತಪ್ಪಿಗೂ ಒಂದೇ ಮಾರ್ಕು ಕಳೆಯೋ ಅಕ್ಯುರಸಿ ಅನ್ನೋ ಅಂಕಿಯನ್ನ ತಟ್ಟೆ ಮುಂದೆ ಇಟ್ಟುಕೊಳ್ಳೋದೇ ತಪ್ಪು.

ಆ ಫೈಲಿನಲ್ಲಿ ಇನ್ನೊಂದು ಸಾಲು ನಮ್ಮನ್ನ ನಿಲ್ಲಿಸ್ತು. "ತಿನ್ನಬಹುದೋ ಇಲ್ಲವೋ ಗೊತ್ತಿಲ್ಲ" ಅನ್ನೋ ವರ್ಗವನ್ನ ಅವರು ವಿಷದ ವರ್ಗಕ್ಕೇ ಸೇರಿಸಿದ್ದಾರೆ. ಗೊತ್ತಿಲ್ಲ ಅಂದ್ರೆ ವಿಷ. ಕಿತ್ತೂರಿನ ಹೊಲದಲ್ಲಿ ಆಯಿ ಮಾಡಿದ್ದು ಇದನ್ನೇ ಅಲ್ವಾ? ಅವರಿಗೆ ಒಂದು ಅಣಬಿ ಗೊತ್ತು, ಅದು ಏಳೋ ಹುತ್ತ ಗೊತ್ತು, ವಾರ ಗೊತ್ತು. ಉಳಿದದ್ದಕ್ಕೆಲ್ಲ "ಗೊತ್ತಿಲ್ಲಪಾ". ನಮ್ಮ ಆ್ಯಪ್‌ಗೆ ಆ ಶಬ್ದವೇ ಬರಲ್ಲ. ಏನು ತೋರಿಸಿದ್ರೂ ಯಾವುದೋ ಒಂದು ಹೆಸರು, ಪಕ್ಕಕ್ಕೆ ಒಂದು ಶೇಕಡಾ. ನಮ್ಮ ಚಪ್ಪಲಿ ಫೋಟೋ ಕೊಟ್ಟು ನೋಡಿದ್ವಿ, ಅದಕ್ಕೂ ಒಂದು ಅಣಬೆ ಹೆಸರು ಹೇಳ್ತು. ಆಸ್ಟ್ರೇಲಿಯಾದಲ್ಲಿ ಇಂಥ ಮೂರು ಆ್ಯಪ್‌ಗಳಿಗೆ 78 ಅಣಬೆಗಳ ಫೋಟೋ ಕೊಟ್ಟು ಪರೀಕ್ಷೆ ಮಾಡಿ 2023ರಲ್ಲಿ ಪ್ರಕಟಿಸಿದ್ದಾರೆ. ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದು 49% ಸರಿ ಹೇಳ್ತು.

ಹಿರಿಯರು ಹೇಳಿದ್ದೆಲ್ಲ ಸರಿ ಅಂತಲೂ ನಾವು ಹೇಳ್ತಿಲ್ಲ. ಅವರು ಊರು ಬಿಟ್ಟು ಬೇರೆ ಕಡೆ ಹೋದ್ರೆ ಅವರ ಲೆಕ್ಕವೂ ತಪ್ಪುತ್ತೆ. ಕ್ಯಾನ್‌ಬೆರಾದಲ್ಲಿ 2011ರ ಡಿಸೆಂಬರ್ 31ರ ರಾತ್ರಿ ಊಟದಲ್ಲಿ ಅಲ್ಲಿನ ಅಮನಿಟಾ ತಿಂದು ಇಬ್ಬರು ಸತ್ತರು. ಚೀನಾದಲ್ಲಿ ತಿನ್ನೋ ಭತ್ತದ ಹುಲ್ಲಿನ ಅಣಬೆ ಅಂತ ತಿಳಿದಿದ್ದರು. ಎರಡಕ್ಕೂ ಬುಡದಲ್ಲಿ ಚೀಲದಂಥ ಪೊರೆ ಇರುತ್ತೆ, ಮೊಗ್ಗಿನಲ್ಲಿ ಎರಡೂ ಮೊಟ್ಟೆಯ ಹಾಗೆ. ಕಿತ್ತೂರಿನ ಕಣ್ಣು ಕ್ಯಾಂಪಸ್ಸಿಗೆ ನಡೆಯಲಿಲ್ಲ ಅನ್ನೋದಕ್ಕೆ ನಾವೇ ಸಾಕ್ಷಿ.

ಊರ ಕಡೆ ನಡೆಯೋ ಪರೀಕ್ಷೆಗಳು

ಲೇಖನಕ್ಕಾಗಿ ನಾಲ್ಕೂ ಊರಿನ ಮನೆಗಳಿಗೆ ಫೋನ್ ಮಾಡಿ ಕೇಳಿದ್ವಿ, ಒಳ್ಳೆ ಅಣಬಿ ಹೆಂಗ ಗುರತಸ್ತೀರಿ ಅಂತ. ಬೆಳ್ಳಿ ಉಂಗುರ ಹಾಕಿ ಬೇಯಿಸಿದ್ರೆ ಕಪ್ಪಾಗಬಾರದು. ಬೆಳ್ಳುಳ್ಳಿ ಕಪ್ಪಾಗಬಾರದು. ಅರಿಶಿಣ ಹಾಕಿದ್ರೆ ವಿಷ ಸಾಯ್ತದ. ಹುಣಸೆ ನೀರಲ್ಲಿ ತೊಳೆದ್ರೆ ಹೋಗ್ತದ. ಹುಳ ತಿಂದಿದ್ರೆ ಮನಷಾನೂ ತಿನ್ನಬಹುದು. ಬಣ್ಣದ್ದು ಕೆಟ್ಟದ್ದು, ಬಿಳೇದು ಒಳ್ಳೇದು. ಇಷ್ಟೂ ತಪ್ಪು. ಬೆಳ್ಳಿ ಕಪ್ಪಾಗೋದು ಗಂಧಕದಿಂದ, ಬೇಯಿಸಿದ ಮೊಟ್ಟೆಗೂ ಬೆಳ್ಳಿ ಚಮಚ ಕಪ್ಪಾಗುತ್ತೆ. ಅಮಾಟಾಕ್ಸಿನ್ ಬೆಳ್ಳಿಯನ್ನೂ ಬದಲಿಸಲ್ಲ, ಬೆಳ್ಳುಳ್ಳಿಯನ್ನೂ ಬದಲಿಸಲ್ಲ, ಅರಿಶಿಣಕ್ಕೂ ಹುಣಸೆಗೂ ಹೆದರಲ್ಲ. ಹುಳಗಳು, ಬಸವನಹುಳುಗಳು ವಿಷದ ಅಣಬೆಯನ್ನ ಆರಾಮವಾಗಿ ತಿಂತವೆ, ಅವುಗಳ ಮೈ ಬೇರೆ. ಬಿಳೀದು ಒಳ್ಳೇದು ಅನ್ನೋದು ಎಲ್ಲಕ್ಕಿಂತ ಅಪಾಯದ್ದು, ಅಚ್ಚ ಬಿಳಿ ಅಮನಿಟಾಗಳೇ ಇವೆ.

ಮುಟ್ಟಿದ್ರೆ ವಿಷ ಏರುತ್ತಾ ಅಂತ ತುಂಬಾ ಜನ ಕೇಳ್ತಾರೆ. ಇಲ್ಲ. ಅಮಾಟಾಕ್ಸಿನ್ ಚರ್ಮದಿಂದ ಒಳಗೆ ಹೋಗಿ ಕೊಲ್ಲೋ ಥರದ್ದಲ್ಲ, ಹೊಟ್ಟೆಗೆ ಹೋಗಬೇಕು. ಫೋಟೋ ತೆಗೀರಿ, ಪ್ರಿಂಟ್ ತೆಗೀರಿ, ಆಮೇಲೆ ಸೋಪು ಹಚ್ಚಿ ಕೈ ತೊಳೀರಿ, ಆ ಬಟ್ಟಲನ್ನ ಮತ್ತೆ ಊಟಕ್ಕೆ ಬಳಸಬೇಡಿ. ಸಣ್ಣ ಮಕ್ಕಳು ಇರೋ ಮನೆಯ ಅಂಗಳದಲ್ಲಿ ಎದ್ದಿದ್ರೆ ಕಿತ್ತು ಹಾಕಿ, ಅವು ಸಿಕ್ಕಿದ್ದನ್ನ ಬಾಯಿಗಿಡ್ತವೆ.

ನಿಜವಾಗಿ ಗೊತ್ತಿರೋ ಹಿರಿಯರ ಜೊತೆ, ಅವರ ಹೊಲದಲ್ಲಿ ಹೋಗೋರಿಗೆ ಮಾತ್ರ ಕೆಲವು ಮಾತು. ಬುಡ ಕತ್ತರಿಸಬೇಡಿ, ಅಗೆದು ತೆಗೀರಿ. ಬುಡದ ಚೀಲ ಮಣ್ಣಲ್ಲೇ ಉಳಿದ್ರೆ ಅಮನಿಟಾದ ದೊಡ್ಡ ಗುರುತೇ ಕಾಣೆಯಾಗುತ್ತೆ. ಗೊತ್ತಿಲ್ಲದ್ದನ್ನ "ಮನೆಗೆ ಹೋಗಿ ನೋಡೋಣ" ಅಂತ ಅದೇ ಬುಟ್ಟಿಗೆ ಹಾಕಬೇಡಿ, ಒಂದು ತುಂಡು ಮುರಿದು ಬೆರೆತ್ರೆ ಮುಗೀತು. ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಬೇಡ. ಅಣಬೆಯಲ್ಲಿ ಸುಮಾರು ತೊಂಬತ್ತು ಭಾಗ ನೀರು, ಬೆವತು ಸಂಜೆಯೊಳಗೆ ಲೋಳೆ ಆಗುತ್ತೆ, ಒಳ್ಳೆ ಜಾತಿಯೂ ಕೊಳೆತ್ರೆ ಹೊಟ್ಟೆ ಕೆಡಿಸುತ್ತೆ. ಅವತ್ತಿಂದು ಅವತ್ತೇ, ಚೆನ್ನಾಗಿ ಬೇಯಿಸಿ. ಹಸಿ ತಿನ್ನೋದು ಬೇಡವೇ ಬೇಡ. ಹೈವೇ ಪಕ್ಕದ್ದು, ಹತ್ತಿ ಕಬ್ಬಿಗೆ ಎಣ್ಣಿ ಹೊಡೆದ ಹೊಲದ್ದು ಬೇಡ, ಅಣಬೆ ಮಣ್ಣಿನ ಭಾರಲೋಹಗಳನ್ನ ಹೀರಿ ಕೂಡಿಡುತ್ತೆ. ತಿನ್ನೋ ಮೊದಲು ಒಂದೆರಡು ಹಸಿ ಅಣಬೆ ಕಾಗದದಲ್ಲಿ ಸುತ್ತಿ ತೆಗೆದಿಡಿ. ಡಾಕ್ಟರ್ ಕೇಳಿದ ಮೂರನೇ ಪ್ರಶ್ನೆಗೆ ಉತ್ತರ ಅದು. "ಮೊದಲು ಒಬ್ಬ ಸ್ವಲ್ಪ ತಿಂದು ನೋಡೋದು" ಅನ್ನೋದು ಪರೀಕ್ಷೆಯೇ ಅಲ್ಲ, ಆರು ಮಿಲಿಗ್ರಾಂ ಲೆಕ್ಕ ನೆನಪಿಡಿ. ಇನ್ನೊಂದು, ಹಾಸ್ಟೆಲ್‌ಗೆ ಸಂಬಂಧಪಟ್ಟಿದ್ದು: ಇಂಕ್ ಕ್ಯಾಪ್ ಅನ್ನೋ ಜಾತಿ ಬರೀ ತಿಂದ್ರೆ ಏನೂ ಮಾಡಲ್ಲ, ಅದರ ಹಿಂದೆ ಮುಂದೆ ಮದ್ಯ ಬಿದ್ರೆ ಎದೆ ಡವಡವ, ಮುಖ ಕೆಂಪು, ವಾಂತಿ. ಯಾರಿಗೆ ಹೇಳ್ತಿದ್ದೀವಿ ಅಂತ ಅವರಿಗೆ ಗೊತ್ತು.

ಅಕಸ್ಮಾತ್ ಯಾರಾದ್ರೂ ತಿಂದುಬಿಟ್ರೆ ಲಕ್ಷಣ ಬರಲಿ ಅಂತ ಕಾಯಬೇಡಿ, ಹೊರಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸೋದು, ತುಪ್ಪ, ಮಜ್ಜಿಗೆ, ಯಾವುದೂ ವಿಷ ಇಳಿಸಲ್ಲ. 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ, 1800 116 117, ಟೋಲ್ ಫ್ರೀ, ಹಗಲು ರಾತ್ರಿ ಡಾಕ್ಟರುಗಳಿಗೂ ಜನರಿಗೂ ಉತ್ತರ ಕೊಡ್ತಾರೆ. ಉಳಿದ ಅಣಬೆ, ಬೇಯಿಸಿದ ಪಲ್ಯ, ಕಸಕ್ಕೆ ಹಾಕಿದ ಬುಡ, ಫೋನಿನಲ್ಲಿರೋ ಫೋಟೋ ಎಲ್ಲ ತಗೊಂಡು ಹೋಗಿ. ಅದೇ ತಟ್ಟೆಯಿಂದ ತಿಂದ ಎಲ್ಲರೂ ಹೋಗಿ, ವಾಂತಿ ಆಗದವರೂ. ತಿಂದ ಟೈಮ್ ಬರೆದಿಟ್ಕೊಳ್ಳಿ. ಮೆಸ್ ಹೆಸರು ಹೇಳಬೇಡಿ.

ಅಣಬೆ ಆಸೆ ಇರೋರಿಗೆ ಚಿಪ್ಪು ಅಣಬೆ, ಹಾಲು ಅಣಬೆ, ಬಟನ್ ಇದ್ದೇ ಇವೆ. ಚಿಪ್ಪು ಅಣಬೆಯನ್ನ ಒಣ ಹುಲ್ಲಿನ ಮೇಲೆ, ಜೋಳದ ದಂಟಿನ ಮೇಲೆ ಕೂಡ ಬೆಳೆಯಬಹುದು, ಬಿತ್ತನೆ ಬೀಜ ಬೆಂಗಳೂರಿನ ಹೆಸರಘಟ್ಟದ ಐಐಎಚ್‌ಆರ್‌ನಲ್ಲಿ ಸಿಗುತ್ತೆ. ರಾಮದುರ್ಗದವ ಒಂದು ಬ್ಯಾಗ್ ಹಾಕಿ ನೋಡ್ತೀನಿ ಅಂತಿದ್ದಾನೆ, ಬಂದ್ರೆ ಮುಂದಿನ ಸಂಚಿಕೆಯಲ್ಲಿ ಬರೀತೀವಿ.

ಆ ಹಸಿರು ಪ್ರಿಂಟನ್ನ ಹೇರ್ ಸ್ಪ್ರೇ ಹೊಡೆದು ಫ್ರೇಮ್ ಹಾಕಿಸಿದ್ದೀವಿ, ಕನ್ನಡ ಸಂಘದ ಕೋಣೆಯ ಕಪಾಟಿನ ಪಕ್ಕ ಇದೆ, ಬಂದು ನೋಡಿ. ಗ್ರೌಂಡಿನಲ್ಲಿ ಎದ್ದಿರೋದು ಬೇರೆ ಯಾವುದಾದ್ರೂ ಅನಿಸಿದ್ರೆ ನೀವೂ ಪ್ರಿಂಟ್ ತೆಗೆದು ತನ್ನಿ. ಹಾಳೆ ಮಾತ್ರ ತನ್ನಿ, ಅಣಬೆ ತರಬೇಡಿ.